ಹೈಬ್ರಿಡ್ ಸೈಕಲ್‌ಗೆ ಡ್ರಾಪ್ ಹ್ಯಾಂಡಲ್ ಹಾಕಿಸಬೇಕಾ?

ರೋಡ್ ಬೈಕ್‌ಗೂ ಮೌಂಟೆನ್ ಬೈಕ್‌ಗೂ ನಡುವಿನದಾದ, ನೇರ ಹ್ಯಾಂಡಲ್‌ನ ಹೈಬ್ರಿಡ್ ಸೈಕಲ್ ತಗೊಂಡು ಒಂದೆರಡು ವರ್ಷ ತುಳಿದವರಿಗೆ ಈ ಯೋಚನೆ ಬಂದೇ ಬರುತ್ತದೆ. ರೋಡ್ ಬೈಕ್‌ಗೆ ಇರುತ್ತದಲ್ಲ, ಮುಂದಕ್ಕೆ ಚಾಚಿ ಕೆಳಗೆ ಬಾಗಿದ ಡ್ರಾಪ್ ಹ್ಯಾಂಡಲ್, ಅದನ್ನೇ ನಮ್ಮದಕ್ಕೂ ಹಾಕಿಸಿದರೆ ಹೇಗೆ? ಹಾಕಿಸಿ ಅನ್ನುವ ಚಿತ್ರದುರ್ಗದವರೊಬ್ಬರು, ಬೇಡ ಅನ್ನುವ ದಾವಣಗೆರೆಯವರೊಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಗಾಳಿಯ ಊರಿಗೆ ಇದೇ ಸರಿ

ಚಿತ್ರದುರ್ಗದಲ್ಲಿ ಸೈಕಲ್ ತುಳಿಯುವವರಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಊರಿನ ಸುತ್ತ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಇಲ್ಲಿ ಗಾಳಿ ಜಾಸ್ತಿ ಅಂತ. ಮಳೆಗಾಲದಲ್ಲಿ ಅದು ಪಶ್ಚಿಮದಿಂದ ಬೀಸುತ್ತದೆ. ಆಷಾಢದಲ್ಲಿ ದುರ್ಗ ಬಿಟ್ಟು ಭರಮಸಾಗರದ ಕಡೆ ಹೊರಟರೆ ದಾವಣಗೆರೆ ಮುಟ್ಟುವ ತನಕ ಎಡಗಡೆಯಿಂದ, ಮುಂದಿನಿಂದ ಬಡಿಯುತ್ತಲೇ ಇರುತ್ತದೆ. ಸುಮಾರು 60 ಕಿಲೋಮೀಟರ್ ದಾರಿ, ಬಹುಪಾಲು ಬಯಲು. ನೇರ ಹ್ಯಾಂಡಲ್ ಹಿಡಿದು ಕೂತವನ ಎದೆ ಪೂರ್ತಿ ಗಾಳಿಗೆ ತೆರೆದಿರುತ್ತದೆ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಬಂದರೆ ನಾವು ತುಳಿಯುವ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಎದುರುಗಾಳಿ 20ರಲ್ಲಿ ಬೀಸುತ್ತಿದ್ದರೆ, ನೀವು 18ರಲ್ಲಿ ಹೋಗುತ್ತಿದ್ದರೂ ಮೈಗೆ ಬಡಿಯುವುದು 38ರ ಗಾಳಿ. ಆಗ ತಗ್ಗಿ ಕೂರುವುದಕ್ಕೆ ಒಂದು ಜಾಗ ಬೇಕು. ಡ್ರಾಪ್ ಹ್ಯಾಂಡಲ್ ಕೊಡುವುದು ಅದನ್ನೇ. ಹೈಬ್ರಿಡ್‌ನ ನೇರ ಹ್ಯಾಂಡಲ್ 600 ಮಿಲಿಮೀಟರ್‌ಗಿಂತ ಅಗಲ ಇರುವುದೇ ಹೆಚ್ಚು. ಡ್ರಾಪ್ ಸಾಮಾನ್ಯವಾಗಿ 400ರಿಂದ 440. ಬಗ್ಗದೆ ಸುಮ್ನೆ ಕೂತರೂ ತೋಳು ಒಳಗೆ ಬರುತ್ತದೆ, ಗಾಳಿಗೆ ಸಿಗುವ ಮೈ ಕಮ್ಮಿಯಾಗುತ್ತದೆ.

ಆದರೆ ನನ್ನ ಮಟ್ಟಿಗೆ ಗಾಳಿಗಿಂತ ದೊಡ್ಡ ಕಾರಣ ಕೈ. ನೇರ ಹ್ಯಾಂಡಲ್‌ನಲ್ಲಿ ಕೈ ಇಡುವುದಕ್ಕೆ ಒಂದೇ ಜಾಗ. ಅಂಗೈ ಕೆಳಮುಖ, ಮಣಿಕಟ್ಟು ಸ್ವಲ್ಪ ಹೊರಕ್ಕೆ ತಿರುಚಿರುತ್ತದೆ. ಗಂಟೆಗಟ್ಟಲೆ ಹಾಗೇ ಭಾರ ಹಾಕಿದರೆ ಅಂಗೈಯ ಹೊರ ಅಂಚಿನ ನರ ಒತ್ತಿಹೋಗಿ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ದೂರ ತುಳಿದವರಿಗೆಲ್ಲ ಇದು ಗೊತ್ತು. ಡ್ರಾಪ್‌ನಲ್ಲಿ ಬ್ರೇಕ್ ಲಿವರ್‌ನ ರಬ್ಬರ್ ಗೂಡಿನ ಮೇಲೆ ಕೈ ಇಟ್ಟು ನೋಡಿ. ಹೆಬ್ಬೆರಳು ಒಳಗಡೆ, ಉಳಿದ ಬೆರಳು ಹೊರಗಡೆ, ಎರಡು ಅಂಗೈಗಳೂ ಎದುರುಬದುರು. ಯಾರಿಗಾದರೂ ಕೈ ಕುಲುಕಲು ಚಾಚಿದಾಗ ಮಣಿಕಟ್ಟು ಹೇಗಿರುತ್ತದೋ ಹಾಗೇ ಇರುತ್ತದೆ. ಬೇಜಾರಾದರೆ ಮೇಲಿನ ಅಡ್ಡ ಕೊಳವೆ ಹಿಡಿಯಬಹುದು, ಬಾಗಿನ ಮೇಲೆ ಇಡಬಹುದು, ಗಾಳಿ ಬಂದರೆ ಕೆಳಗಿಳಿಸಬಹುದು. 200 ಕಿ.ಮೀ. ಬ್ರೆವೆಯನ್ನು (ಗೊತ್ತಾದ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅಂತ ಹೊರಟವರಿಗೆ ಇದು ಶೋಕಿಯ ಮಾತೇ ಅಲ್ಲ.

ಖರ್ಚು ಜಾಸ್ತಿ ಅಂತ ಹೆದರಿಸುವವರು ಇದ್ದಾರೆ. ಗೇರು, ಬ್ರೇಕು ಒಟ್ಟಿಗೆ ಇರುವ ರೋಡ್ ಲಿವರ್‌ಗೇ ಹೋದರೆ ಹೌದು, ಜೇಬಿಗೆ ಭಾರ. ಆದರೆ ದಾರಿ ಇದೆ. ಚಕ್ರದ ರಿಮ್ಮನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ವಿ-ಬ್ರೇಕ್‌ಗೆ ಹೊಂದುವ ಹಾಗೆ ಕೇಬಲ್ ಉದ್ದ ಎಳೆಯುವ ಡ್ರಾಪ್ ಲಿವರ್ ಸಿಗುತ್ತದೆ, ಟೆಕ್ಟ್ರೋ ಆರ್‌ಎಲ್520 ಅಂಥದ್ದು. ಗೇರಿಗೆ ಹ್ಯಾಂಡಲ್‌ನ ತುದಿಯಲ್ಲಿ ಕೂರುವ ಬಾರ್-ಎಂಡ್ ಶಿಫ್ಟರ್ (ಗೇರ್ ಬದಲಿಸುವ ಲಿವರ್). ಶಿಮಾನೋದ 8 ಮತ್ತು 9 ಸ್ಪೀಡ್‌ನಲ್ಲಿ (ಹಿಂದೆ ಅಷ್ಟು ಗೇರ್ ಇರುವವು) ರೋಡ್ ಶಿಫ್ಟರ್ ಎಳೆತಕ್ಕೆ ಎಂಟಿಬಿಯ, ಅಂದರೆ ಮೌಂಟೆನ್ ಬೈಕ್‌ನ, ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹೊಂದುತ್ತದೆ. ಹಾಗಾಗಿ ಹಿಂದಿನ ಡಿರೇಲರ್, ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಎರಡೂ ಹಾಗೇ ಉಳಿಯುತ್ತವೆ. ಮುಂದಿನ ಡಿರೇಲರ್‌ಗೆ ಕ್ಲಿಕ್ ಇಲ್ಲದ ಫ್ರಿಕ್ಷನ್ ಶಿಫ್ಟರ್ ಇದ್ದರೆ ಸಾಕು, ಚೈನ್ ಉಜ್ಜುವ ಸದ್ದು ನಿಲ್ಲುವ ತನಕ ಕೈಯಲ್ಲೇ ಸರಿಮಾಡಿಕೊಳ್ಳಬಹುದು. ಫ್ರೇಮ್ ಗಟ್ಟಿ, ದಪ್ಪ ಟಯರ್ ಹಿಡಿಸುತ್ತದೆ, ಕ್ಯಾರಿಯರ್ ಕೂರಿಸಲು ತೂತೂ ಇರುತ್ತದೆ. ಇಂಥ ಸೈಕಲ್ಲಿಗೆ ಹ್ಯಾಂಡಲ್ ಒಂದು ಬದಲಾಯಿಸಿದರೆ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ನೋಡಿ ಅದೇ ದಿನ ದುರ್ಗಕ್ಕೆ ವಾಪಸ್ ಬರಬಹುದು, ಬೆರಳು ಜೋಮು ಹಿಡಿಸಿಕೊಳ್ಳದೆ.

ವಿರೋಧ: ಹ್ಯಾಂಡಲ್ ಒಂದೇ ಬದಲಾಗುವುದಿಲ್ಲ

ಗಾಳಿ, ಕೈಜೋಮು ಎರಡೂ ನಿಜ. ನನ್ನ ತಕರಾರು ಇರುವುದು "ಹ್ಯಾಂಡಲ್ ಒಂದು ಬದಲಾಯಿಸಿದರೆ" ಅನ್ನುವ ಮಾತಿಗೆ.

ನೇರ ಹ್ಯಾಂಡಲ್‌ನಲ್ಲಿ ಲಿವರ್ ಕೂರುವ ಜಾಗದ ದಪ್ಪ 22.2 ಮಿಲಿಮೀಟರ್. ಡ್ರಾಪ್‌ನದು 23.8. ಒಂದೂವರೆ ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ, ಅಷ್ಟಕ್ಕೇ ಹಳೆ ಬ್ರೇಕ್ ಲಿವರ್, ಹಳೆ ಶಿಫ್ಟರ್ ಯಾವುದೂ ಹತ್ತುವುದಿಲ್ಲ. ಎಲ್ಲಾ ಹೊಸದು ಬೇಕು. ಸಾಮಾನ್ಯ ರೋಡ್ ಲಿವರ್ ಹಾಕಿ ವಿ-ಬ್ರೇಕ್ ಹಾಗೇ ಬಿಟ್ಟರೆ ಅದು ಎಳೆಯುವ ಕೇಬಲ್ ಸಾಲದು. ಪ್ಯಾಡ್ ಸ್ವಲ್ಪ ಸವೆದರೂ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಸೈಕಲ್ ನಿಲ್ಲುವುದಿಲ್ಲ. ಈಚಿನ ಹೈಬ್ರಿಡ್‌ಗಳಲ್ಲಿ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರಂತೂ ಇನ್ನೂ ಕಷ್ಟ. ದುಬಾರಿ ಹೈಡ್ರಾಲಿಕ್ ಡ್ರಾಪ್ ಲಿವರ್ ತರಬೇಕು, ಇಲ್ಲವೇ ಒಳ್ಳೆ ಬ್ರೇಕ್ ಕಿತ್ತು ಕೇಬಲ್ ಡಿಸ್ಕ್ ಹಾಕಿಸಬೇಕು. ಶಿಮಾನೋದ ಹತ್ತು ಸ್ಪೀಡಿನ ಎಂಟಿಬಿ ಡಿರೇಲರ್ ಇದ್ದರೆ ಅದರದೇ ರೋಡ್ ಶಿಫ್ಟರ್‌ಗೆ ಅದು ಹೊಂದುವುದೂ ಇಲ್ಲ. ಇದರ ಮೇಲೆ ಕೇಬಲ್, ಟೇಪ್, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು). ಕೊನೆಗೆ ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ "ಸಾಮಾನು ನೀವೇ ತರಿಸಿಕೊಡಿ ಸಾರ್, ಕೂರಿಸಿಕೊಡ್ತೀನಿ" ಅನ್ನುತ್ತಾರೆ. ತರಿಸಿದ ಮೇಲೆ ಒಂದು ಸಾಮಾನು ಹೊಂದದಿದ್ದರೆ ಆ ನಷ್ಟ ನಮ್ಮದೇ.

ಹಣ ಹೋಗಲಿ ಬಿಡಿ. ಫ್ರೇಮಿನ ಅಳತೆಗೆ ಏನು ಮಾಡುವುದು? ಹೈಬ್ರಿಡ್‌ನ ಮೇಲಿನ ಕೊಳವೆಯನ್ನು ನೇರ ಹ್ಯಾಂಡಲ್ ಲೆಕ್ಕದಲ್ಲೇ ಉದ್ದ ಮಾಡಿರುತ್ತಾರೆ. ಡ್ರಾಪ್ ಹಾಕಿದರೆ ಕೈ ಇನ್ನೂ 70ರಿಂದ 100 ಮಿಲಿಮೀಟರ್ ಮುಂದೆ ಹೋಗುತ್ತದೆ. ಅದನ್ನು ಸರಿದೂಗಿಸಲು ಸ್ಟೆಮ್ಮನ್ನು 50-60 ಮಿಲಿಮೀಟರ್‌ಗೆ ಇಳಿಸುತ್ತಾರೆ. ಆದರೂ ಎಷ್ಟೋ ಜನರಿಗೆ ಕೈ ಚಾಚಿಯೇ ಕೂರಬೇಕಾಗುತ್ತದೆ. ಕೈಜೋಮು ಹೋಗಲಿ ಅಂತ ಹಾಕಿಸಿ ಕತ್ತುನೋವು, ಸೊಂಟನೋವು ತಂದುಕೊಂಡ ಹಾಗಾಗುತ್ತದೆ. ಅಗ್ಗದ ಹೈಬ್ರಿಡ್‌ನಲ್ಲಿ ಮುಂದೆ ಸಸ್ಪೆನ್ಷನ್ ಫೋರ್ಕ್ ಬೇರೆ. ಅದರ ತೂಕ, ಬ್ರೇಕ್ ಹಿಡಿದಾಗ ಕುಸಿಯುವುದು, ಎರಡೂ ಹಾಗೇ ಉಳಿಯುತ್ತವೆ.

ಇನ್ನು ನಾವು ದಿನಾ ತುಳಿಯುವ ರಸ್ತೆ ನೋಡಿ. ದಾವಣಗೆರೆಯಿಂದ ಸಂತೇಬೆನ್ನೂರಿನ ಪುಷ್ಕರಣಿ ನೋಡಲೋ ಸೂಳೆಕೆರೆಗೋ ಹೊರಟರೆ ಹಳ್ಳಿಗೊಂದು ಹಂಪ್. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ಡಾಂಬರಿನ ಮೇಲೇ ಒಣಹಾಕಿರುತ್ತಾರೆ. ಅರ್ಧ ರಸ್ತೆ ಹಳದಿ ಕಾಳು, ಅದರ ಅಂಚಿಗೆ ಯಾರೂ ಹತ್ತದಿರಲಿ ಅಂತ ಇಟ್ಟ ತಲೆಗಾತ್ರದ ಕಲ್ಲು. ಉಳಿದ ಅರ್ಧದಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ. ಚೆಲ್ಲಿದ ಕಾಳಿನ ಮೇಲೆ ಚಕ್ರ ಹತ್ತಿದರೆ ಜಾರುತ್ತದೆ. ಆ ಹೊತ್ತಿಗೆ ಎರಡು ಬೆರಳು ಬ್ರೇಕ್ ಮೇಲೇ ಇರಬೇಕು, ಹ್ಯಾಂಡಲ್ ಅಗಲ ಇರಬೇಕು. ನೇರ ಹ್ಯಾಂಡಲ್‌ನಲ್ಲಿ ಎರಡೂ ಇವೆ. ಡ್ರಾಪ್‌ನ ಮೇಲಿನ ಅಡ್ಡ ಕೊಳವೆ ಹಿಡಿದಿದ್ದರೆ ಬ್ರೇಕ್ ಕೈಗೆ ಸಿಗುವುದೇ ಇಲ್ಲ. ಬಾರ್-ಎಂಡ್ ಶಿಫ್ಟರ್ ಇದ್ದರೆ ಗೇರ್ ಬದಲಿಸುವಾಗಲೆಲ್ಲ ಒಂದು ಕೈಯನ್ನು ಬ್ರೇಕ್‌ನಿಂದ ತೆಗೆದು ತುದಿಗೆ ಒಯ್ಯಬೇಕು. ಗಾಂಧಿ ಸರ್ಕಲ್‌ನಲ್ಲಿ ಆಟೊಗಳ ನಡುವೆ ಇದು ಸರಿಹೋಗುತ್ತದಾ? ನನಗಂತೂ ಭಯ ಆಗುತ್ತದೆ, ಅದರಲ್ಲೂ ಕಾಲೇಜಿಗೆ ಸೈಕಲ್ ತುಳಿಯುವ ಮಕ್ಕಳು ವಿಡಿಯೋ ನೋಡಿ ಇದನ್ನು ಮಾಡಿಸಲು ಹೊರಟಾಗ.

ಕೈಜೋಮಿಗೆ ಬೇರೆ ಉಪಾಯ ಇದೆ. ಹ್ಯಾಂಡಲ್ ತುದಿಗೆ ಕೊಂಬಿನಂಥ ಬಾರ್-ಎಂಡ್ (ಶಿಫ್ಟರ್ ಅಲ್ಲ, ಬರೀ ಹಿಡಿಕೆ) ಹಾಕಿದರೆ ಅಂಗೈ ಎದುರುಬದುರು ಬರುತ್ತದೆ, ಖರ್ಚು ತುಂಬಾ ಕಮ್ಮಿ. ಅದನ್ನೇ ಗ್ರಿಪ್‌ನ ಒಳಬದಿಗೆ ಹಾಕಿದರೆ ತೋಳು ಹತ್ತಿರವಾಗಿ ಗಾಳಿಗೂ ಅನುಕೂಲ. ಇನ್ನೂ ಬೇಕು ಅಂದರೆ ಚಿಟ್ಟೆಯ ರೆಕ್ಕೆಯ ಹಾಗೆ ಬಾಗಿದ ಬಟರ್‌ಫ್ಲೈ ಹ್ಯಾಂಡಲ್ ಇದೆ. ಅದರ ಕೊಳವೆ 22.2 ಮಿಲಿಮೀಟರ್ರೇ, ಹಳೆ ಲಿವರ್, ಶಿಫ್ಟರ್ ಎಲ್ಲಾ ಅದಕ್ಕೇ ಕೂರುತ್ತವೆ. ವೇಗ ಬೇಕಾದವರು ಮೊದಲು ದಪ್ಪ ಗುಬುಟಿನ ಟಯರ್ ತೆಗೆಸಿ ನುಣುಪಾದ 32 ಮಿಲಿಮೀಟರ್ ಟಯರ್ ಹಾಕಿಸಿ ನೋಡಲಿ. ಬ್ರೆವೆ ಹುಚ್ಚು ನಿಜವಾಗಿ ಹಿಡಿದವರು ಆ ದುಡ್ಡನ್ನು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಹುಡುಕುವುದು ವಾಸಿ.

ಇಷ್ಟಾದರೂ ಮನಸ್ಸು ತಡೆಯದಿದ್ದರೆ, ಸಾಮಾನು ತರಿಸುವ ಮೊದಲು ಸ್ನೇಹಿತರ ಹತ್ತಿರ ಡ್ರಾಪ್ ಹ್ಯಾಂಡಲ್‌ನ ಸೈಕಲ್ ಒಂದು ದಿನಕ್ಕೆ ಕೇಳಿ. ಹೆದ್ದಾರಿಗೆ ಹೋಗಬೇಡಿ. ಹಳೆ ಪಿ.ಬಿ. ರೋಡ್ ಹಿಡಿದು, ಸಂಜೆ ಜನ ಇರುವ ಹೊತ್ತಲ್ಲೇ, ಹರಿಹರದ ತನಕ ಹೋಗಿ ಬನ್ನಿ.