ಬೂಟಿಗೆ ರಸೀದಿ ಐತೇನ್ರೀ?

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಓಡುವವರ ಮುಖವನ್ನು ಈಗ ಯಾರೂ ನೋಡುವುದಿಲ್ಲ. ಬೂಟು ನೋಡಿ ನಮಸ್ಕಾರ ಮಾಡುತ್ತಾರೆ.

ನಾನೂ ಹೋದ ತಿಂಗಳು ಒಂದು ಜೋಡಿ ತಂದೆ. ಅಟ್ಟೆ ಇಡ್ಲಿಯ ಹಾಗೆ ಉಬ್ಬಿದೆ, ಒಳಗೆ ತಗಡಿನಂಥ ಗಟ್ಟಿ ಕಾರ್ಬನ್ ಪ್ಲೇಟು. ಬೆಲೆ ಹೇಳಲ್ಲ, ಮನೆಯಲ್ಲೂ ಹೇಳಿಲ್ಲ. 2017ರಲ್ಲಿ ನೈಕಿ ಕಂಪನಿ ಇಂಥ ಬೂಟು ತಂದಾಗ, ಓಡುವವರ ಶಕ್ತಿ 4 ಪರ್ಸೆಂಟ್ ಉಳಿಯುತ್ತದೆ ಅಂತ ಬೂಟಿನ ಹೆಸರಲ್ಲೇ ಸೇರಿಸಿತ್ತು. ಸುಳ್ಳಲ್ಲ, ನನಗೂ ಉಳಿಯಿತು. ಉಳಿದ ಶಕ್ತಿಯಲ್ಲಿ ಗಿರ್ಮಿಟ್ ಅಂಗಡಿವರೆಗೆ ನಡೆದು, ಒಂದು ಮಿರ್ಚಿ ಜಾಸ್ತಿ ತಿಂದು ಬಂದೆ.

ದೊಡ್ಡ ಓಟಗಳಲ್ಲಿ ದಾಖಲೆಗಳು ಉದುರತೊಡಗಿದ ಮೇಲೆ, 2020ರಲ್ಲಿ ಜಗತ್ತಿನ ಓಟಗಳಿಗೆ ನಿಯಮ ಮಾಡುವ ವರ್ಲ್ಡ್ ಅಥ್ಲೆಟಿಕ್ಸ್‌ನವರಿಗೆ ಎಚ್ಚರವಾಯಿತು. ಬೂಟು ಬೇಡ ಅನ್ನಲಿಲ್ಲ, ಸ್ಕೇಲು ತಂದರು. ರಸ್ತೆ ಓಟದಲ್ಲಿ ಅಟ್ಟೆ 40 ಮಿಲಿಮೀಟರ್ ದಾಟಬಾರದು. ಪ್ಲೇಟು ಒಂದೇ ಇರಬೇಕು. ಹಾಲಿಗೆ ಒಂದು ಚೊಂಬು ನೀರು ಹಾಕಿದರೆ ವ್ಯಾಪಾರ, ಎರಡು ಹಾಕಿದರೆ ಮೋಸ ಅಂದ ಹಾಗಾಯಿತು. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ದೆರಾರಾ ಹುರಿಸಾ ಎಲ್ಲರಿಗಿಂತ ಮೊದಲು ಬಂದರು. ಅಟ್ಟೆ ಅಳೆದರೆ 5 ಸೆಂಟಿಮೀಟರ್! ಗೆಲುವು ಹೋಯಿತು. ನಾಲ್ಕು ಸೆಂಟಿಮೀಟರ್ ಸ್ಪಂಜು ಬೆವರಿನ ಫಲ, ಐದನೆಯದು ಪಾಪ.

2023ರಲ್ಲಿ ಬರ್ಲಿನ್‌ನಲ್ಲಿ ಟಿಗಿಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆ ಮಾಡಿದರು. ಅವರ ಅಡಿಡಾಸ್ ಬೂಟಿನ ತೂಕ 138 ಗ್ರಾಂ, ಬೆಲೆ 500 ಡಾಲರ್. ಒಂದೇ ಮ್ಯಾರಥಾನಿಗೆ ಮಾಡಿದ್ದು ಅಂತ ಕಂಪನಿಯವರೇ ಹೇಳಿದ್ದರು. ನಮ್ಮ ಕಡೆ ಮದುವೆ ಸೀರೆಯನ್ನೂ ನಾಲ್ಕು ಸಲ ಉಡುತ್ತಾರೆ, ಅಲ್ವಾ? ನನ್ನ ಬೂಟು ಬಾಯಿ ಬಿಟ್ಟಾಗ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದಿದ್ದೆ. ತಿರುಗಿಸಿ ಮುರುಗಿಸಿ ನೋಡಿದರು. "ಮೊಳಿ ಎಲ್ಲಿ ಹೊಡೀಲ್ರೀ ಸಾಹೇಬ್ರ, ಬರೇ ಸ್ಪಂಜ್ ಐತಿ" ಅಂದರು.

2020ರ ನಿಯಮದಲ್ಲಿ ಇನ್ನೊಂದು ಮಾತಿತ್ತು. ಸ್ಪರ್ಧೆಗೆ 4 ತಿಂಗಳು ಮೊದಲಿಂದಲೇ ಆ ಬೂಟು ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತಿರಬೇಕು. ಎಲ್ಲರಿಗೂ! ಹಾಗೆ ನೋಡಿದರೆ ಬಂಗಾರವೂ ಎಲ್ಲರಿಗೂ ಸಿಗುತ್ತದೆ. ಕೊಪ್ಪಿಕರ್ ರಸ್ತೆಯಲ್ಲಿ ಯಾರನ್ನೂ ಬಾಗಿಲಲ್ಲಿ ತಡೆಯುವುದಿಲ್ಲ.

ಈ ನಿಯಮ ನಾಳೆ ನಮ್ಮೂರಿನ ಓಟಕ್ಕೂ ಬಂದರೆ ಹೇಗಿರುತ್ತದೆ ಅಂತ ಸುಮ್ನೆ ಯೋಚಿಸಿದೆ. ನೆಹರೂ ಮೈದಾನದಲ್ಲಿ ಒಂದು ಟೇಬಲ್ಲು, ಒಂದು ಸ್ಕೇಲು, ಒಂದು ರಿಜಿಸ್ಟರು, ಹಿಂದೆ ಒಬ್ಬ ಅಧಿಕಾರಿ. ಕುಂದಗೋಳ ಕಡೆಯ ಹುಡುಗನೊಬ್ಬ ಬರಿಗಾಲಲ್ಲಿ ಬಂದು ನಿಂತಿದ್ದಾನೆ.

"ಅಟ್ಟಿ ಎಷ್ಟು ದಪ್ಪ ಐತಿ?"

"ಅಟ್ಟಿ ಇಲ್ರೀ. ಬರೇ ಕಾಲು."

"ಯಾವ ಅಂಗಡ್ಯಾಗ ತಗೊಂಡಿ?"

"ಹುಟ್ಟಿದಾಗಿಂದ ಅದಾವ್ರೀ."

"ಅಂದ್ರ ಪ್ಯಾಟ್ಯಾಗ ಸಿಗೂದಿಲ್ಲ. ನಿಯಮಕ್ಕ ಕೂಡೂದಿಲ್ಲ, ಆ ಕಡೆ ನಿಲ್ಲು."

ನನಗೆ ತಡೆಯಲಿಲ್ಲ. "ಸರ, 1960ರಾಗ ರೋಮ್ ಒಲಿಂಪಿಕ್ಸ್‌ನ್ಯಾಗ ಅಬೆಬೆ ಬಿಕಿಲಾ ಬರಿಗಾಲ್ಲೇ ಓಡಿ ಮ್ಯಾರಥಾನ್ ಗೆದ್ದಿದ್ರಲ್ರೀ?" ಅಂದೆ.

ಅವರು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ಅವರ ರಸೀದಿ ಐತೇನ್ರೀ?"