ನಮ್ಮನೆಗೆ ಯಾರೂ ಬಂದು ಕೇಳಲೇ ಇಲ್ಲ

ಗುರುವಾರ ಬಂತು ಅಂದ್ರೆ ಸಾಕು, ಟಿವಿಯಲ್ಲಿ ಯಾವುದನ್ನ ಜನ ಎಷ್ಟು ನೋಡಿದ್ರು ಅಂತ ಹೇಳೋ ಟಿಆರ್‌ಪಿ ಅಂಕಿಯಲ್ಲಿ ಯಾವ ಧಾರಾವಾಹಿ ಮೇಲೆ ಹೋಯ್ತು, ಯಾವುದು ಬಿತ್ತು ಅನ್ನೋ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅದರ ಬೆನ್ನಿಗೇ ಆ ಒಂದು ಮಾತು: "ನಮ್ಮನೆಗೆ ಯಾರೂ ಬಂದು ಕೇಳಿಲ್ವಲ್ಲ, ಈ ಟಿಆರ್‌ಪಿ ಎಲ್ಲಿಂದ ಬಂತು?" ಇವತ್ತು ಮದುವೆಮನೆ ಪಂಕ್ತಿಯಲ್ಲಿ, ಮಜ್ಜಿಗೆ ಬರೋ ಹೊತ್ತಿಗೆ, ಎದುರು ಸಾಲಿನ ಹಿರಿಯರೊಬ್ಬರು ಇದನ್ನೇ ಹೇಳಿ, ತೀರ್ಪು ಕೊಟ್ಟವರ ಹಾಗೆ ಎಲೆ ಮಡಚಿ ಎದ್ದುಬಿಟ್ಟರು. ನಾನು ಹೇಳಬೇಕಾದ್ದು ಗಂಟಲಲ್ಲೇ ಉಳೀತು. ಇಲ್ಲಿ ಕಕ್ಕುತ್ತಿದ್ದೀನಿ, ಸಹಿಸಿಕೊಳ್ಳಿ.

ಯಜಮಾನರೇ, ಯಾರೂ ಬಂದು ಕೇಳೋದಿಲ್ಲ. ಕೇಳಿದರೆ ಎಲ್ಲರೂ "ನಾವು ವಾರ್ತೆ ಬಿಟ್ಟು ಏನೂ ನೋಡಲ್ಲ" ಅಂತಾನೇ ಹೇಳೋದು, ಅದಕ್ಕೇ ಕೇಳೋದಿಲ್ಲ. ಲೆಕ್ಕ ಇಡೋದು ಬಾರ್ಕ್ ಅನ್ನೋ ಸಂಸ್ಥೆ. (ಅಣುಶಕ್ತಿಯ ಬಾರ್ಕ್ ಅಲ್ಲ, ಅದು ಬೇರೆ.) ಚಾನೆಲ್‌ನವರು, ಜಾಹೀರಾತು ಕೊಡೋ ಕಂಪನಿಯವರು, ಜಾಹೀರಾತು ಏಜೆನ್ಸಿಯವರು ಮೂವರೂ ಸೇರಿ ಕಟ್ಟಿಕೊಂಡಿದ್ದು. 2015ರಿಂದ ಅಂಕಿ ಕೊಡ್ತಿದೆ. ದೇಶದಲ್ಲಿ 55,000ಕ್ಕೂ ಹೆಚ್ಚು ಮನೆಗಳಲ್ಲಿ ಅದರ ಮೀಟರ್ ಇದೆ. 2020ರ ಅಂದಾಜಿನಂತೆ ಟಿವಿ ಇರೋ ಮನೆಗಳು 21 ಕೋಟಿ. ಭಾಗಿಸಿ ನೋಡಿ, ಹೆಚ್ಚುಕಡಿಮೆ 3,800 ಮನೆಗೆ ಒಂದು ಮೀಟರ್. ನಿಮ್ಮ ಬೀದಿಯಲ್ಲಿ ಇಲ್ಲದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಮೀಟರ್ ಕೆಲಸ ಮಾಡೋದು ಹೀಗೆ. ಚಾನೆಲ್ ತನ್ನ ಪ್ರಸಾರದ ಧ್ವನಿಯೊಳಗೆ ಕಿವಿಗೆ ಕೇಳದ ಒಂದು ಗುರುತನ್ನು ಹುದುಗಿಸಿರುತ್ತೆ. ಟಿವಿ ಪಕ್ಕದ ಮೀಟರ್ ಅದನ್ನು ಹಿಡಿದು, ಯಾವ ಚಾನೆಲ್, ಯಾವ ಹೊತ್ತು ಅಂತ ಗುರುತಿಸುತ್ತೆ. ಆದರೆ ಟಿವಿ ಮುಂದೆ ಯಾರು ಕೂತಿದ್ದಾರೆ ಅಂತ ಅದಕ್ಕೆ ಕಾಣೋದಿಲ್ಲ. ಅದಕ್ಕೆ ಬೇರೆ ರಿಮೋಟ್ ಇದೆ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಎಡವಟ್ಟು ಆಗೋದು ಇಲ್ಲೇ. ಕುಕ್ಕರ್ ಕೂಗಿತು ಅಂತ ಗುಂಡಿ ಒತ್ತದೇ ಎದ್ದು ಹೋದ ಅತ್ತೆ, ಲೆಕ್ಕದಲ್ಲಿ ಇನ್ನೂ ಸೋಫಾ ಮೇಲೇ ಕೂತಿರ್ತಾರೆ. ಒತ್ತದೇ ಬಂದು ಕೂತ ಮಾವ ಇಡೀ ಕಂತು ನೋಡಿದರೂ ಲೆಕ್ಕಕ್ಕಿಲ್ಲ.

ಇನ್ನು ಆ ಟಿಆರ್‌ಪಿ ಅಂಕಿ, ಅಂದ್ರೆ ರೇಟಿಂಗ್. ಅದು ನೋಡಿದವರ ತಲೆ ಎಣಿಕೆ ಅಷ್ಟೇ ಅಲ್ಲ, ನಿಮಿಷದ ಎಣಿಕೆ. ಅರ್ಧ ಗಂಟೆಯ ಧಾರಾವಾಹಿ, 100 ಜನ ಅಂತ ಇಟ್ಕೊಳ್ಳಿ. 20 ಜನ ಪೂರ್ತಿ 30 ನಿಮಿಷ ನೋಡಿದ್ರು, ಇನ್ನು 20 ಜನ 15 ನಿಮಿಷ ನೋಡಿ ಎದ್ರು. ಒಟ್ಟು 900 ನಿಮಿಷ. ನೂರು ಜನವೂ ಪೂರ್ತಿ ನೋಡಿದ್ದರೆ 3,000 ಆಗ್ತಿತ್ತು. ಹಾಗಾಗಿ ರೇಟಿಂಗ್ 30. ನೋಡಿದವರು 40 ಜನ, ಸಿಕ್ಕಿದ್ದು 30. ಅರ್ಧಕ್ಕೆ ಎದ್ದವರಿಂದಾದ ನಷ್ಟ ಅದು.

ಈ ಒಂದು ಲೆಕ್ಕ ತಲೆಗೆ ಹೋದರೆ ನಿಮ್ಮ ಮುಕ್ಕಾಲು ಪ್ರಶ್ನೆಗೆ ಉತ್ತರ ಸಿಕ್ಕಿತು. ಬ್ರೇಕ್‌ಗೆ ಮುಂಚೆ ಯಾಕೆ ಯಾರೋ ಬಾಗಿಲು ತಟ್ಟುತ್ತಾರೆ? ಬಂದವರು ಯಾರು ಅಂತ ಬ್ರೇಕ್ ಆದ ಮೇಲೇ ಯಾಕೆ ಗೊತ್ತಾಗೋದು? ಒಂದು ಧಾರಾವಾಹಿ ಮುಗಿದು ಇನ್ನೊಂದು ಯಾಕೆ ಉಸಿರಾಡೋಕೂ ಬಿಡದೆ ಶುರುವಾಗುತ್ತೆ? ಎರಡು ಧಾರಾವಾಹಿಯವರು ಒಂದೇ ಜಾತ್ರೆಗೆ ಬಂದು ಯಾಕೆ "ಮಹಾಸಂಗಮ" ಆಗುತ್ತೆ? ಎಲ್ಲಾ ನೀವು ರಿಮೋಟ್ ಮುಟ್ಟದಿರಲಿ ಅಂತ.

ಮತ್ತೆ ಆ ಪ್ರಸಿದ್ಧ ಪ್ರಶ್ನೆ: "ಒಂದು ಮಾತಿಗೆ ಮನೆಮಂದಿ ಎಲ್ಲರ ಮುಖ ಯಾಕ್ರೀ ತೋರಿಸ್ತಾರೆ?" ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ ಅಂತ ನಿಯಮ ಇದೆ, ಚಾನೆಲ್‌ನ ಸ್ವಂತ ಪ್ರೊಮೋ ಕೂಡ ಅದರೊಳಗೇ. ಅದನ್ನೆಲ್ಲ ತೆಗೆದರೆ ಅರ್ಧ ಗಂಟೆಯ ಒಂದು ಕಂತಿಗೆ ಸುಮಾರು 24 ನಿಮಿಷ ದೃಶ್ಯ ಬೇಕು, ವಾರಕ್ಕೆ ಐದಾರು ಕಂತು. ಪ್ರಸಾರಕ್ಕೆ ಮುಂಚೆ ಕೂಡಿಟ್ಟ ಕಂತುಗಳನ್ನ ಬ್ಯಾಂಕ್ ಅಂತಾರೆ. ಒಬ್ಬ ಕಲಾವಿದರಿಗೆ ಜ್ವರ ಬಂದು ಎರಡು ದಿನ ಶೂಟಿಂಗ್ ನಿಂತರೆ ಆ ಬ್ಯಾಂಕ್ ದಿವಾಳಿ. ಆಗ ಉಳಿಯೋ ದಾರಿ? ಆರು ಜನರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕ್ಲೋಸಪ್ ನಾಲ್ಕು ಸೆಕೆಂಡ್, ಅದನ್ನೇ ಎಡಿಟಿಂಗ್‌ನಲ್ಲಿ ಎರಡು ಸಲ. 48 ಸೆಕೆಂಡ್ ತುಂಬಿತು. ಹೊಸ ಸಂಭಾಷಣೆ ಬೇಡ, ಲೈಟ್ ಬದಲಿಸೋದು ಬೇಡ, ಮಾತು ಮರೆತು ರೀಟೇಕ್ ಆಗೋ ಭಯ ಇಲ್ಲ. ಡಂ ಡಂ ಅಂತ ಸಂಗೀತ ಹಾಕಿದರೆ ಮುಗೀತು. ಮದುವೆ ದೃಶ್ಯ ಎರಡು ವಾರ ಎಳೆಯೋದಕ್ಕೆ ಕಾರಣ ಖರ್ಚು. ಮಂಟಪದ ಹೂವು, ಜೂನಿಯರ್ ಆರ್ಟಿಸ್ಟ್‌ಗಳು, ರೇಷ್ಮೆ ಸೀರೆ, ಇಷ್ಟರ ಖರ್ಚನ್ನ ಒಂದೇ ಕಂತಿನ ಮೇಲೆ ಹಾಕೋಕಾಗುತ್ತಾ? ಹತ್ತು ಕಂತಿಗೆ ಹಂಚಿದರೆ ನಿರ್ಮಾಪಕ ಬದುಕಿಕೊಳ್ತಾನೆ. ತಾಳಿ ಕೈಯಲ್ಲೇ ಉಳಿಯುತ್ತೆ, ಅದು ಬೇರೆ ವಿಷಯ.

ಈಗ ನೀವು ಹೇಳ್ತೀರಿ, "ಟಿಆರ್‌ಪಿ ಹಗರಣ ಆಗಿರಲಿಲ್ವಾ?" ಆಗಿತ್ತು. ಮೀಟರ್ ಇರೋ ಮನೆಯವರಿಗೆ ದುಡ್ಡು ಕೊಟ್ಟು ತಮ್ಮ ಚಾನೆಲ್ ಹಾಕಿಸ್ತಾರೆ ಅಂತ 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಕೇಸ್ ಹಾಕಿದ್ದರು, ಬಾರ್ಕ್ ನ್ಯೂಸ್ ಚಾನೆಲ್‌ಗಳ ರೇಟಿಂಗನ್ನೇ ನಿಲ್ಲಿಸಿ, ಮತ್ತೆ ಶುರು ಮಾಡಿದ್ದು 2022ರ ಮಾರ್ಚ್‌ನಲ್ಲಿ. ಸೆಟ್‌ಟಾಪ್ ಬಾಕ್ಸ್ ಹಾಕಿದ ಕೂಡಲೇ ನೀವು ಕೇಳದ ಚಾನೆಲ್ ಒಂದು ಬಂದು ಕೂರುತ್ತಲ್ಲ, ಅದು ದುಡ್ಡು ಕೊಟ್ಟು ಕೊಂಡ ಜಾಗ, ಅದೂ ನಿಜ. ಆದರೆ ಇಂಥ ಆಟ ಚೆನ್ನಾಗಿ ನಡೆಯೋದು ನೋಡುವವರು ಕಡಿಮೆ ಇರೋ ಕಡೆ. ಮೀಟರ್ ಇರೋ ಹತ್ತೇ ಮನೆಗಳಲ್ಲಿ ನೋಡೋ ಚಾನೆಲ್‌ಗೆ ಇನ್ನೆರಡು ಮನೆ ಸೇರಿದರೆ ಅಂಕಿ ಹಾರುತ್ತೆ. ಸಂಜೆ ಏಳೂವರೆಯ ಧಾರಾವಾಹಿಗೆ ಎರಡು ಮನೆ ಯಾವ ಲೆಕ್ಕ? ಹಾಗಾಗಿ "ಎಲ್ಲಾ ದುಡ್ಡಿನಾಟ" ಅಂದುಬಿಡೋದು ಸೋಮಾರಿತನ.

ದೂರಬೇಕು ಅಂತಿದ್ದರೆ ಸರಿಯಾದ್ದನ್ನ ದೂರಿ. ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂತೀವಿ. ಕರ್ನಾಟಕ ಒಂದೇ ಪಾತ್ರೆಯ ಅನ್ನ ಅಲ್ಲ. ಕಲಬುರಗಿಯ ಅಗುಳು ಬೇರೆ, ಕುಂದಾಪುರದ್ದು ಬೇರೆ. ಅದಕ್ಕೇ ಪೇಟೆ, ಹಳ್ಳಿ, ಮನೆಯಲ್ಲಿ ಮುಖ್ಯವಾಗಿ ದುಡಿಯುವವರ ಓದು, ಮನೆಯಲ್ಲಿರೋ ಫ್ರಿಜ್, ವಾಷಿಂಗ್ ಮೆಷಿನ್ ಇವನ್ನೆಲ್ಲ ನೋಡಿ ಮನೆ ಆರಿಸ್ತಾರೆ. ಆದರೂ ಮಾದರಿ ಮಾದರಿಯೇ. 3,000 ಜನರ ಮಾದರಿ ಇದೆ, ರೇಟಿಂಗ್ 8 ಬಂತು ಅಂತ ಇಟ್ಕೊಳ್ಳಿ. ಸಂಖ್ಯಾಶಾಸ್ತ್ರದ ಪ್ರಕಾರ ನಿಜವಾದದ್ದು 7ರಿಂದ 9ರೊಳಗೆ ಎಲ್ಲಾದರೂ ಇರಬಹುದು. ಅಂದ್ರೆ 8.1 ತಗೊಂಡವರು ಕೇಕ್ ಕತ್ತರಿಸೋದು, 7.9 ತಗೊಂಡವರ ಕಥೆಗಾರನನ್ನ ಬದಲಿಸೋದು, ಎರಡೂ ತಮಾಷೆ. ಈ ತಮಾಷೆ ಬಗ್ಗೆ ಒಬ್ಬರಾದರೂ ಬಾಯಿ ಬಿಡ್ತಾರಾ? ಇಲ್ಲ. ನಮ್ಮನೆಗೆ ಯಾರೂ ಬಂದಿಲ್ಲ, ಅಷ್ಟೇ.

ನನಗೆ ಇನ್ನೂ ಉರಿಯೋದು ಎರಡು ಜಾತಿಯವರನ್ನ ಕಂಡರೆ. ಒಬ್ಬರು, "ಎಷ್ಟು ಒಳ್ಳೆ ಧಾರಾವಾಹಿ, ನಿಲ್ಲಿಸಿಬಿಟ್ರಲ್ಲ" ಅಂತ ಗೋಳಾಡೋರು. ಅಷ್ಟೂ ಕಂತನ್ನ ಬಸ್ಸಲ್ಲಿ ಮೊಬೈಲ್‌ನಲ್ಲೇ ನೋಡಿರ್ತಾರೆ. ಮೊಬೈಲ್ ಆಪ್‌ನಲ್ಲಿ ನೋಡಿದ್ದು ಗುರುವಾರದ ಪಟ್ಟಿಗೆ ಸೇರೋದಿಲ್ಲ ಸ್ವಾಮಿ, ಅದರ ಲೆಕ್ಕ ಆಪ್‌ನವರ ಹತ್ತಿರ. ಇನ್ನೊಬ್ಬರು, ಬೈಯ್ತಾ ಬೈಯ್ತಾ ದಿನಾ ನೋಡೋರು. "ಏನು ದರಿದ್ರ ಕಥೆ" ಅಂತ ಪೂರ್ತಿ ಅರ್ಧ ಗಂಟೆ ಅಲ್ಲಾಡದೆ ಕೂರ್ತಾರೆ. ಮೀಟರ್‌ನಲ್ಲಿ ಬೈಗುಳಕ್ಕೆ ಗುಂಡಿ ಇಲ್ಲ. ಭಕ್ತಿಯಿಂದ ನೋಡಿದ್ದೂ ಒಂದು ನಿಮಿಷ, ಹಲ್ಲು ಕಡಿದು ನೋಡಿದ್ದೂ ಒಂದು ನಿಮಿಷ. (ಸುಳ್ಳು ಯಾಕೆ ಹೇಳಲಿ, ವಿಲನ್ ಸಿಕ್ಕಿಬೀಳೋ ವಾರ ನಾನೂ ಇದೇ ಜಾತಿ.)

ಕೊನೇದಾಗಿ ಆ ಹಿರಿಯರಿಗೆ. ಮೀಟರ್ ಇರೋ ಮನೆ ಯಾವುದು ಅಂತ ಗುಟ್ಟಾಗಿಡಬೇಕು ಅನ್ನೋದು ನಿಯಮ. ಚಾನೆಲ್‌ನಲ್ಲಿ ಕೆಲಸ ಮಾಡೋರ ಮನೆಗೆ ಹಾಕೋ ಹಾಗಿಲ್ಲ. ವರ್ಷ ವರ್ಷ ಒಂದಷ್ಟು ಮನೆಗಳನ್ನ ಬದಲಿಸ್ತಾರೆ. ಹಾಗಾಗಿ ಮುಂದಿನ ಸಲ ಪಂಕ್ತಿಯಲ್ಲಿ ಅದೇ ಮಾತು ಎತ್ತಿದಾಗ ನಿಮ್ಮ ಪಕ್ಕದ ಎಲೆಯವರು ಸುಮ್ಮನೆ ಹಪ್ಪಳ ಮುರೀತಿದ್ದರೆ, ಅವರನ್ನ ಕೆದಕಬೇಡಿ. ಅವರ ಮನೆಯಲ್ಲಿ ಮೀಟರ್ ಇದ್ದರೂ ಇರಬಹುದು, ಹೇಳೋ ಹಾಗಿಲ್ಲ ಪಾಪ.