ಖಾಸಗಿತನ ಮಂಜೂರಾಗಿದೆ, 2027ಕ್ಕೆ ಬನ್ನಿ

ಕಡೆಗೂ ನಮಗೆ ಖಾಸಗಿತನ ಮಂಜೂರಾಗಿದೆ. ಡೇಟಾ ಸಂರಕ್ಷಣಾ ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2023ರ ಆಗಸ್ಟ್‌ನಲ್ಲಿ. ನಿಯಮಾವಳಿ ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ನಮ್ಮ ಕೈಗೆ ಸಿಗುವುದು ಅಲ್ಲಿಂದ 18 ತಿಂಗಳು ಬಿಟ್ಟು, ಅಂದರೆ 2027ರ ಮೇ ಹೊತ್ತಿಗೆ. ಬೆಂಗಳೂರಿನವರಿಗೆ ಇದು ತಡ ಅನ್ನಿಸಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ, ಈಜಿಪುರದ ಫ್ಲೈಓವರ್ ಕೆಲಸ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ಕಂಬಗಳೇನೋ ಎದ್ದವು, ಮೇಲೆ ಓಡಾಡುವ ಯೋಗ ಮಾತ್ರ ವರ್ಷಗಟ್ಟಲೆ ಕೂಡಿಬರಲಿಲ್ಲ.

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಇನ್ನು ಮುಂದೆ ಕಂಪನಿಗಳು ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಜೊತೆಗೆ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕಂತೆ. ಇಷ್ಟು ದಿನ 'ಐ ಅಗ್ರೀ' ಒತ್ತಿ ಓದದೆ ಮುಂದೆ ಹೋಗುತ್ತಿದ್ದವರು ಇನ್ನು 'ನಾನು ಒಪ್ಪುತ್ತೇನೆ' ಒತ್ತಿ ಓದದೆ ಮುಂದೆ ಹೋಗಬಹುದು. ಕನ್ನಡಕ್ಕೆ ಸಂದ ಜಯ.

ಆ 2017ರ ತೀರ್ಪಿನ ಮೇಲೆ ಹೆಸರಿರುವುದು ನಮ್ಮವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ದಾವೆ ಹೂಡಿದಾಗ ಅವರಿಗೆ 86. ಆ ವಯಸ್ಸಿನಲ್ಲಿ ಉಳಿದವರು ಸವೆದ ಬೆರಳನ್ನು ಯಂತ್ರಕ್ಕೆ ಒತ್ತಿ ಒತ್ತಿ, ಪಿಂಚಣಿಗಾಗಿ ತಾವು ಬದುಕಿದ್ದೇವೆ ಎಂದು ಸಾಬೀತು ಮಾಡುತ್ತಿರುತ್ತಾರೆ. 2015ರಲ್ಲಿ ಅಟಾರ್ನಿ ಜನರಲ್ ಎದ್ದು ನಿಂತು, ಅಂಥದ್ದೊಂದು ಮೂಲಭೂತ ಹಕ್ಕೇ ಸಂವಿಧಾನದಲ್ಲಿಲ್ಲ ಎಂದು ವಾದಿಸಿದರು. ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಇದೆ ಎಂದರು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕಾಯ್ದೆ ಪಾಸಾಗಿತ್ತು, ನಿಯಮ ಬಂದಿರಲಿಲ್ಲ.

ಆಧಾರ್ ಮಾಹಿತಿ ಎಷ್ಟು ಭದ್ರ ಅನ್ನುವುದಕ್ಕೆ 2018ರಲ್ಲಿ ಸರ್ಕಾರ ಕೋರ್ಟಿಗೆ ಕೊಟ್ಟ ಉತ್ತರ ನಿಮಗೆ ನೆನಪಿರಬೇಕು: 13 ಅಡಿ ಎತ್ತರದ, 5 ಅಡಿ ದಪ್ಪದ ಗೋಡೆಯ ಹಿಂದೆ ಇಟ್ಟಿದ್ದೇವೆ. ಬಹಳ ಸಂತೋಷ. ಹಾಗೇ ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಗೂ ಒಮ್ಮೆ ಬಂದು ಹೋಗಿ. ಅಲ್ಲಿ ಗೋಡೆ ಇಲ್ಲ, ಶಟರ್ ಇದೆ, ಅದೂ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಇ-ಖಾತಾ, ಗ್ಯಾಸ್ ಕನೆಕ್ಷನ್, ಬಾಡಿಗೆ ಕರಾರು, ಮಗುವಿನ ಎಲ್‌ಕೆಜಿ, ಏನೇ ಆಗಲಿ ಜನ ನೇರ ಇಲ್ಲಿಗೇ ಬರುತ್ತಾರೆ. 'ಈ ನಂಬರಿಗೆ ವಾಟ್ಸಾಪ್ ಮಾಡಿ ಸಾರ್' ಎಂದು ಹುಡುಗ ಗೋಡೆಯತ್ತ ಬೆರಳು ತೋರಿಸುತ್ತಾನೆ. ಅಲ್ಲಿ ಊದುಬತ್ತಿ ಸಿಕ್ಕಿಸಿದ ಮಂಜುನಾಥಸ್ವಾಮಿಯ ಕ್ಯಾಲೆಂಡರ್ ಕೆಳಗೆ ಸ್ಕೆಚ್ ಪೆನ್ನಲ್ಲಿ ಬರೆದ ಹತ್ತು ಅಂಕಿ. ಕಳಿಸಿದ್ದು ಕಂಪ್ಯೂಟರಿಗೆ ಬಂದು ಬೀಳುತ್ತದೆ. ಪರದೆ ಗಿರಾಕಿಗಳ ಕಡೆಗೇ ತಿರುಗಿದೆ. 'ಆಧಾರ್ ಅಪ್ಪಂದು', 'ಆಧಾರ್ ಅಪ್ಪಂದು ಹೊಸದು', 'ಪ್ಯಾನ್ ಫೈನಲ್', 'ಸೇಲ್ ಡೀಡ್ ಪೂರ್ತಿ', ಮಧ್ಯದಲ್ಲೊಂದು ಮದುವೆ ಕಾಗದ, ಯಾರದೋ ಥೈರಾಯ್ಡ್ ರಿಪೋರ್ಟು. ನಮ್ಮ ವಾರ್ಡಿನಲ್ಲಿ ಯಾರ ಸೈಟು ಯಾರ ಹೆಸರಿನಲ್ಲಿದೆ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದು ಮಹಾನಗರ ಪಾಲಿಕೆಗಿಂತ ಆ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನು ಒಳ್ಳೆಯವನು, ದೇವರು ಅವನನ್ನು ಹಾಗೇ ಇಟ್ಟಿರಲಿ. ಸದ್ಯಕ್ಕೆ ನಮ್ಮ ದತ್ತಾಂಶ ಸಂರಕ್ಷಣೆ ಎಂದರೆ ಅವನ ಒಳ್ಳೆಯತನವೇ.

ಎಚ್ಚರಿಕೆ ಕೊಡಲೇ ಇಲ್ಲ ಅನ್ನುವಂತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಕಂಡಕಂಡವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ದುರ್ಬಳಕೆ ಆದೀತು ಎಂದು ಪ್ರಕಟಣೆ ಹೊರಡಿಸಿತು. ಅಪರೂಪಕ್ಕೆ ಒಂದು ಸರ್ಕಾರಿ ಕಚೇರಿ ನಿಜ ಹೇಳಿತ್ತು. ಎರಡೇ ದಿನದಲ್ಲಿ ದೆಹಲಿ ಅದನ್ನು ವಾಪಸ್ ಪಡೆಯಿತು, ಜನ ತಪ್ಪು ತಿಳಿಯಬಹುದಂತೆ. ಜನ ಏನೂ ತಪ್ಪು ತಿಳಿಯಲಿಲ್ಲ, ಸೋಮವಾರ ಬೆಳಗ್ಗೆ ಎಂದಿನಂತೆ ಜೆರಾಕ್ಸ್ ಅಂಗಡಿಗೆ ಹೋದರು.

ದಿನಸಿ ಮಳಿಗೆಯ ಬಿಲ್ ಕೌಂಟರಿನದು ಇನ್ನೊಂದು ವೈಭವ. ಅರ್ಧ ಕೆ.ಜಿ. ರವೆ ಕೊಂಡರೂ ಮೊಬೈಲ್ ನಂಬರ್ ಬೇಕು. ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿತ್ತು. ಕೌಂಟರಿನ ಹುಡುಗಿಗೆ ಆ ಸುದ್ದಿ ಮುಟ್ಟಿಲ್ಲ. ಮೆಲ್ಲಗೆ ಹೇಳಿದರೆ 'ಜೋರಾಗಿ ಹೇಳಿ ಸಾರ್' ಅನ್ನುತ್ತಾಳೆ, ಹೇಳಿದ್ದನ್ನು ಮತ್ತೊಮ್ಮೆ ಕೂಗಿ ಖಚಿತಪಡಿಸಿಕೊಳ್ಳುತ್ತಾಳೆ. ಕ್ಯೂನಲ್ಲಿರುವ ಅಷ್ಟೂ ಜನ ನಮ್ಮ ನಂಬರನ್ನು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಾರೆ.

ರಾಜ್ಯ ಸರ್ಕಾರವೇನು ಕಡಿಮೆಯೇ? 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆ. ಗಣತಿ ಬೇಡ ಅನ್ನುವವನು ನಾನಲ್ಲ. ಯಾರ ಪಾಲು ಎಷ್ಟು ಎಂದು ಎಣಿಸದೆ ಹಂಚುವುದು ಹೇಗೆ? ಆದರೆ ಆ ಪಟ್ಟಿ ನೋಡಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಬೇಸತ್ತರು. ಬೆಂಗಳೂರಿನಲ್ಲಿ ಕೋಳಿ ಎಷ್ಟು, ಕುರಿ ಎಷ್ಟು, ಚಿನ್ನ ಎಷ್ಟು ಎಂದೆಲ್ಲ ಕೇಳಬೇಡಿ, ಅದು ಖಾಸಗಿ ವಿಷಯ ಎಂದುಬಿಟ್ಟರು. ಒಂಬತ್ತು ನ್ಯಾಯಮೂರ್ತಿಗಳು ನೂರಾರು ಪುಟ ಬರೆದದ್ದನ್ನು ಕನಕಪುರದವರು ಒಂದು ಕೋಳಿಯಲ್ಲಿ ಹೇಳಿ ಮುಗಿಸಿದರು. ಸರ್ಕಾರ ಕೇಳುವುದು, ಸರ್ಕಾರದಲ್ಲಿರುವವರಿಗೇ ಕಿರಿಕಿರಿ. ನಮ್ಮ ಪಾಡು ಏನಿರಬೇಕು?

ನಿಯಮಾವಳಿ ಬಂದ ಎರಡೇ ವಾರಕ್ಕೆ, ನವೆಂಬರ್ 28ರಂದು, ಇನ್ನು ತಯಾರಾಗುವ ಪ್ರತಿ ಫೋನಿನಲ್ಲೂ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್ ಮೊದಲೇ ತುಂಬಿ ಕಳಿಸಿ ಎಂದು ಕಂಪನಿಗಳಿಗೆ ಆದೇಶ ಹೋಯಿತು. ಗದ್ದಲವಾಯಿತು. ಬೇಡವಾದರೆ ಡಿಲೀಟ್ ಮಾಡಿಕೊಳ್ಳಿ ಎಂದರು ಮಂತ್ರಿಗಳು. ಡಿಸೆಂಬರ್ 3ಕ್ಕೆ ಆದೇಶವೇ ಡಿಲೀಟ್ ಆಯಿತು. ಕಾರಣ? ಜನ ತಾವಾಗಿಯೇ ಆ್ಯಪ್ ಅನ್ನು ಅಪ್ಪಿಕೊಳ್ಳುತ್ತಿದ್ದಾರೆ, ಕಡ್ಡಾಯದ ಅಗತ್ಯವಿಲ್ಲ! ಮುಖ ಉಳಿಸಿಕೊಳ್ಳುವ ಕಲೆಯನ್ನು ಇವರಿಂದ ಕಲಿಯಬೇಕು.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನನಗೆ ನಗು ಬರುತ್ತಿಲ್ಲ. ನಮ್ಮ ಮಾಹಿತಿ ಕಾಪಾಡುವ ಕಲಮುಗಳಿಗೆ 18 ತಿಂಗಳ ವಾಯಿದೆ ಕೊಟ್ಟರಲ್ಲ, ಅದೇ ಕಾಯ್ದೆಯ 44(3)ನೇ ಕಲಮು ಮಾತ್ರ ಮರುದಿನಕ್ಕೂ ಕಾಯಲಿಲ್ಲ. ನಿಯಮಾವಳಿಯ ಜೊತೆಗೇ ಜಾರಿಗೆ ಬಂತು. ಅದು ಮಾಡುವ ಕೆಲಸ ಒಂದೇ: ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ತಿದ್ದುವುದು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ನಿರಾಕರಿಸಬಹುದಿತ್ತು, ಅದೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು, ಮುಗಿಯಿತು. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಇದೆಯಲ್ಲ, ಅದರಡಿ ಕೇಳಿ ಎನ್ನುತ್ತಾರೆ. ಅಲ್ಲಿ ಹಿತ ದೊಡ್ಡದೋ ಹಾನಿ ದೊಡ್ಡದೋ ಎಂದು ಮೊದಲು ತೂಗುವವರು ಯಾರು? ಅದೇ ಇಲಾಖೆ.

ಬೆವರು ಸುರಿಸಿ ಒಬ್ಬ ಮುದುಕರು ಗೆದ್ದು ಕೊಟ್ಟ ಹಕ್ಕು ಇದು. ನಮಗೆ ಮುಟ್ಟುವ ಮೊದಲೇ ಅಧಿಕಾರಿಗಳು ಹೊದ್ದುಕೊಂಡು ಮಲಗಿದರು. ಸಾಕಾಗಿದೆ.

ನಮ್ಮ ಬೀದಿಯನ್ನು ಡಾಂಬರು ಆರುವ ಮೊದಲೇ ಮತ್ತೆ ಅಗೆದಿದ್ದಾರೆ. ಟೆಂಡರ್ ಯಾರಿಗೆ, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಅರ್ಜಿ ಬರೆಯಲು ಕೂತಿದ್ದೇನೆ. ಕರ್ನಾಟಕದ ನಿಯಮದ ಪ್ರಕಾರ ಮಾಹಿತಿ ಹಕ್ಕಿನ ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದೇ ವಿಷಯದ ಬಗ್ಗೆ ಇರಬೇಕು. ನನ್ನ ಹೆಸರು, ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಎಲ್ಲ ತುಂಬಿಸಿ ಆಯಿತು. ಎಂಜಿನಿಯರ್ ಹೆಸರು ವೈಯಕ್ತಿಕ ಮಾಹಿತಿ ಎಂದು ಉತ್ತರ ಬಂದರೆ ಮೇಲ್ಮನವಿ ಹಾಕಬೇಕು. ಅದಕ್ಕೆ ಎಷ್ಟು ಪ್ರತಿ ಬೇಕೋ ಏನೋ. ಜೆರಾಕ್ಸ್ ಹುಡುಗನಿಗೆ ಗೊತ್ತಿರುತ್ತದೆ.